ಬೆಕ್ಕು ಟ್ರೇ ಬಿಟ್ಟು ಹಾಸಿಗೆ ಒದ್ದೆ ಮಾಡಿದರೆ

ರಾತ್ರಿ ಮಲಗಲು ಹೋದರೆ ರಗ್ಗು ಒದ್ದೆ, ಕೋಣೆಯ ತುಂಬ ಮೂಗಿಗೆ ಬಡಿಯುವ ನಾತ. ಬಾಲ್ಕನಿಯಲ್ಲಿ ಬೆಕ್ಕಿನ ಶೌಚದ ಟ್ರೇ ಇದೆ, ಅದರಲ್ಲಿ ಕೆದಕಿ ಮುಚ್ಚಲೆಂದು ದುಡ್ಡು ಕೊಟ್ಟು ತಂದ ಲಿಟರ್ ಇದೆ, ಮೊನ್ನೆ ಮೊನ್ನೆಯವರೆಗೂ ಬೆಕ್ಕು ತಪ್ಪದೆ ಅಲ್ಲಿಗೇ ಹೋಗುತ್ತಿತ್ತು. ಈಗ ಏನಾಯಿತು? ಬೆಕ್ಕು ಸಾಕಿದ ಮನೆಗಳಲ್ಲಿ ಇದರಷ್ಟು ಜಗಳ ಹುಟ್ಟಿಸುವ ಸಂಗತಿ ಇನ್ನೊಂದಿಲ್ಲ. ‘ನಾವು ಊರಿಗೆ ಹೋಗಿದ್ದೆವಲ್ಲ, ಅದಕ್ಕೇ ಸೇಡು ತೀರಿಸಿಕೊಳ್ತಿದೆ’ ಎಂದು ಒಬ್ಬರು, ‘ಎರಡು ಬಿಟ್ಟರೆ ಬುದ್ಧಿ ಬರುತ್ತೆ’ ಎಂದು ಇನ್ನೊಬ್ಬರು. ಹದಿನೈದು ದಿನ ಇದೇ ನಡೆದರೆ ಗೋಣಿಚೀಲದಲ್ಲಿ ಹಾಕಿ ಮೀನು ಮಾರ್ಕೆಟ್ಟಿನ ಹತ್ತಿರ ಬಿಟ್ಟು ಬರುವ ಮಾತು ಬರುತ್ತದೆ. ಮನೆಯೊಳಗೇ ಬೆಳೆದ ಬೆಕ್ಕು ಹಾಗೆ ಬೀದಿಗೆ ಬಿದ್ದರೆ ಬದುಕಿ ಉಳಿಯುವುದು ಬಹಳ ಕಷ್ಟ. ಅಲ್ಲಿಯವರೆಗೆ ಹೋಗಬೇಡಿ. ಕಾರಣವನ್ನು ಕ್ರಮವಾಗಿ ಹುಡುಕಿದರೆ ಬಹುಪಾಲು ಮನೆಗಳಲ್ಲಿ ಇದು ಸರಿಹೋಗುವ ತೊಂದರೆ.

ಬೆಕ್ಕಿಗೆ ಸೇಡು ಗೊತ್ತಿಲ್ಲ. ಉಚ್ಚೆ ಎಂದರೆ ಹೊಲಸು, ಅದನ್ನು ಹಾಸಿಗೆಗೆ ತಾಗಿಸಿದರೆ ಮನೆಯವರಿಗೆ ನೋವಾಗುತ್ತದೆ ಎಂಬ ಲೆಕ್ಕಾಚಾರ ಅದರ ತಲೆಯಲ್ಲಿ ಇರುವುದಿಲ್ಲ. ಅದು ಟ್ರೇ ಬಿಡುವುದಕ್ಕೆ ಕಾರಣ ಮೂರೇ ಬಗೆ: ಮೈ ಸರಿಯಿಲ್ಲ, ಟ್ರೇ ಸರಿಯಿಲ್ಲ, ಇಲ್ಲವೇ ಮನೆಯಲ್ಲಿ ಏನೋ ಅದನ್ನು ಹೆದರಿಸುತ್ತಿದೆ. ಹುಡುಕುವಾಗಲೂ ಇದೇ ಕ್ರಮ ಹಿಡಿಯಿರಿ.

ಹಿತ್ತಲು ಹೋಗಿ ಟ್ರೇ ಬಂತು

ಸಾಕುಬೆಕ್ಕಿನ ಮೂಲ ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾದ ಒಣ ಸೀಮೆಯ ಕಾಡುಬೆಕ್ಕು. ಸಡಿಲ ಮಣ್ಣನ್ನು ಕೆದಕಿ, ಕೆಲಸ ಮುಗಿಸಿ, ಮೇಲೆ ಮಣ್ಣು ಎಳೆದು ಮುಚ್ಚುವ ಗುಣ ಅಲ್ಲಿಂದ ಬಂದದ್ದು. ನಮ್ಮ ಹಳ್ಳಿಯ ಮನೆಗಳಲ್ಲಿ ಬೆಕ್ಕಿಗೆಂದು ಯಾರೂ ವ್ಯವಸ್ಥೆ ಮಾಡುತ್ತಿರಲಿಲ್ಲ. ಹಿತ್ತಲು, ತೆಂಗಿನ ಬುಡ, ತಿಪ್ಪೆಯ ಅಂಚು, ಮನೆ ಕಟ್ಟಲು ಸುರಿದ ಮರಳ ರಾಶಿ, ಆರಿದ ಒಲೆಯ ಬೂದಿ, ಹೀಗೆ ಜಾಗವನ್ನು ಅದೇ ಹುಡುಕಿಕೊಳ್ಳುತ್ತಿತ್ತು. ಮನೆಯೊಳಗಿನ ಲಿಟರ್ ಈಚಿನದು. ಅಮೆರಿಕದ ಮಿಷಿಗನ್‌ನಲ್ಲಿ 1947ರಲ್ಲಿ ನೆರೆಯ ಹೆಂಗಸೊಬ್ಬಳು, ಟ್ರೇಗೆ ಬೂದಿ ಹಾಕಿದರೆ ಬೆಕ್ಕು ಮನೆಯೆಲ್ಲ ಮಸಿಹೆಜ್ಜೆ ಇಡುತ್ತದೆ ಎಂದಾಗ, ಕಾರ್ಖಾನೆಗಳಲ್ಲಿ ಚೆಲ್ಲಿದ ಎಣ್ಣೆ ಹೀರಲು ಬಳಸುತ್ತಿದ್ದ ಹೀರುಮಣ್ಣನ್ನು ಎಡ್ವರ್ಡ್ ಲೋ ಎಂಬಾತ ಕೊಟ್ಟು ನೋಡಿದ. ಅದೇ ಮುಂದೆ ದೊಡ್ಡ ವ್ಯಾಪಾರವಾಯಿತು. ಈಗ ನಮ್ಮ ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವುದು ಬೆಂಟೊನೈಟ್ ಎಂಬ ಜೇಡಿಮಣ್ಣು. ಒದ್ದೆಯಾದರೆ ಉಬ್ಬಿ ಗಂಟು ಕಟ್ಟುತ್ತದೆ. ಗುಜರಾತಿನ ಕಛ್‌ನಲ್ಲಿ ಇದರ ಗಣಿಗಳಿವೆ.

ಈ ಇತಿಹಾಸ ಹೇಳಿದ್ದಕ್ಕೆ ಕಾರಣವಿದೆ. ಹಿತ್ತಿಲಲ್ಲಿ ಬೆಕ್ಕಿಗೆ ಆಯ್ಕೆ ಇತ್ತು. ಒಣಗಿದ ಜಾಗ ಬೇಕೆಂದರೆ ಒಣಗಿದ ಜಾಗ, ನಿನ್ನೆ ಮಾಡಿದ ಕಡೆ ಬೇಡವೆಂದರೆ ನಾಲ್ಕು ಹೆಜ್ಜೆ ಆಚೆ. ಕುಳಿತಾಗ ಸುತ್ತ ಕಣ್ಣು ಹಾಯಿಸಬಹುದಿತ್ತು, ನಾಯಿ ಬಂದರೆ ಯಾವ ದಿಕ್ಕಿಗಾದರೂ ಓಡಬಹುದಿತ್ತು. ಮೂರನೇ ಮಹಡಿಯ ಫ್ಲ್ಯಾಟಿನಲ್ಲಿ ಈ ಎಲ್ಲದಕ್ಕೂ ಬದಲಾಗಿ ಒಂದೇ ಒಂದು ಪ್ಲಾಸ್ಟಿಕ್ ಟ್ರೇ ಇಟ್ಟಿದ್ದೇವೆ. ಟ್ರೇ ಎಷ್ಟು ದೊಡ್ಡದಿರಬೇಕು, ಎಷ್ಟಿರಬೇಕು, ಎಲ್ಲಿರಬೇಕು, ದಿನಕ್ಕೆಷ್ಟು ಸಲ ತೆಗೆಯಬೇಕು ಎಂಬ ಮುಂದಿನ ಮಾತೆಲ್ಲ ಇದರಿಂದಲೇ ಹೊರಡುತ್ತದೆ.

ಮೊದಲು ಪಶುವೈದ್ಯರು

ಇದನ್ನು ಮೊದಲು ಓದಿ, ಮನೆಯಲ್ಲಿ ಎಲ್ಲರಿಗೂ ಹೇಳಿ. ಗಂಡು ಬೆಕ್ಕು ಮತ್ತೆ ಮತ್ತೆ ಟ್ರೇಗೆ ಹೋಗಿ ಕುಳಿತು ತಿಣುಕುತ್ತಿದೆ, ಹನಿ ಹನಿ ಬರುತ್ತಿದೆ ಅಥವಾ ಏನೂ ಬರುತ್ತಿಲ್ಲ, ನೋವಿನಿಂದ ಕೂಗುತ್ತಿದೆ, ಮೂತ್ರದ ಜಾಗವನ್ನು ಬಿಡದೆ ನೆಕ್ಕುತ್ತಿದೆ ಎಂದಾದರೆ ಅದು ತುರ್ತುಸ್ಥಿತಿ. ಬೆಳಿಗ್ಗೆವರೆಗೆ ಕಾಯಬೇಡಿ. ಗಂಡು ಬೆಕ್ಕಿನ ಮೂತ್ರನಾಳ ಬಹಳ ಸಪೂರ. ಹರಳಿನ ಪುಡಿ, ಲೋಳೆ ಸೇರಿ ಕಟ್ಟಿಕೊಂಡರೆ ಮೂತ್ರಕೋಶ ತುಂಬಿ ಬಿಗಿಯುತ್ತದೆ, ರಕ್ತದಲ್ಲಿ ಪೊಟ್ಯಾಸಿಯಂ ಏರುತ್ತದೆ, ಹೃದಯದ ಬಡಿತ ತಪ್ಪುತ್ತದೆ. ಒಂದೆರಡು ದಿನದಲ್ಲೇ ಜೀವ ಹೋಗಬಹುದು. ಇಲ್ಲಿ ಎಷ್ಟೋ ಜನ ಮೋಸಹೋಗುವುದು ತಿಣುಕುವುದನ್ನು ನೋಡಿ ಮಲಬದ್ಧತೆ ಎಂದುಕೊಂಡಾಗ. ಹರಳೆಣ್ಣೆ ಕುಡಿಸುತ್ತಾರೆ, ತುಪ್ಪ ನೆಕ್ಕಿಸುತ್ತಾರೆ, ನಾಳೆ ನೋಡೋಣ ಎನ್ನುತ್ತಾರೆ. ಆ ಒಂದು ರಾತ್ರಿ ದುಬಾರಿಯಾಗುತ್ತದೆ. ನೋವಿಗೆಂದು ಮನುಷ್ಯರ ಮಾತ್ರೆ ಕೊಡುವುದಂತೂ ಬೇಡವೇ ಬೇಡ. ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ, ಒಂದು ಮಾತ್ರೆಯೂ ಕೊಲ್ಲಬಹುದು.

ಇಷ್ಟು ತುರ್ತಿಲ್ಲದಿದ್ದರೂ ಟ್ರೇ ಬಿಟ್ಟ ಬೆಕ್ಕನ್ನು ಒಮ್ಮೆ ವೈದ್ಯರಿಗೆ ತೋರಿಸಿಯೇ ಮುಂದಿನ ಪ್ರಯೋಗಕ್ಕೆ ಇಳಿಯಬೇಕು. ಉಚ್ಚೆ ಹೊಯ್ಯುವಾಗ ನೋವಾದರೆ ಬೆಕ್ಕು ಆ ನೋವನ್ನು ಟ್ರೇಗೆ ಗಂಟುಹಾಕುತ್ತದೆ. ಅಲ್ಲಿ ಹೋದರೆ ನೋವು, ಹಾಗಾದರೆ ಬೇರೆ ಕಡೆ ಹೋಗೋಣ ಎಂದು ಮೆತ್ತಗಿನ ಹಾಸಿಗೆಯನ್ನೋ ತಂಪಾದ ಸಿಂಕನ್ನೋ ಹುಡುಕುತ್ತದೆ. ಕಾಯಿಲೆ ವಾಸಿಯಾದ ಮೇಲೂ ಆ ನೆನಪು ಉಳಿಯುತ್ತದೆ.

ಎಳೆಯ ಮತ್ತು ನಡುವಯಸ್ಸಿನ ಬೆಕ್ಕುಗಳಲ್ಲಿ ಹೆಚ್ಚಾಗಿ ಕಾಣುವುದು ಮೂತ್ರಕೋಶದ ಉರಿಯೂತ. ಇದರಲ್ಲಿ ಬಹಳಷ್ಟು ಸಲ ಸೋಂಕೇ ಇರುವುದಿಲ್ಲ. ಮನಸ್ಸಿನ ಒತ್ತಡವೇ ಕೋಶವನ್ನು ಕೆರಳಿಸಿರುತ್ತದೆ. ಅಮೆರಿಕದ ಒಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ಪಶುವೈದ್ಯ ಟೋನಿ ಬಫಿಂಗ್ಟನ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಡದ್ದು ಸಾಕಿದವರೆಲ್ಲರಿಗೂ ಗೊತ್ತಿರಬೇಕು. ಊಟದ ಹೊತ್ತು ತಪ್ಪುವುದು, ನೋಡಿಕೊಳ್ಳುವವರು ಬದಲಾಗುವುದು ಇಂಥ ಏರುಪೇರಿಗೆ ಈ ಕಾಯಿಲೆಯ ಬೆಕ್ಕುಗಳು ಮಾತ್ರವಲ್ಲ, ಆರೋಗ್ಯವಾಗಿದ್ದ ಬೆಕ್ಕುಗಳೂ ಊಟ ಬಿಟ್ಟವು, ವಾಂತಿ ಮಾಡಿದವು, ಟ್ರೇ ಹೊರಗೆ ಹೋದವು. ನೀವು ಊರಿಗೆ ಹೋಗಿ ಬಂದಾಗ ಆಗುವುದು ಇದೇ. ಸೇಡಿನಂತೆ ಕಾಣುವುದು ಒತ್ತಡದಲ್ಲಿರುವ ಮೈ.

ವಯಸ್ಸಾದ ಬೆಕ್ಕಿನಲ್ಲಿ ಮೂತ್ರಪಿಂಡದ ಕಾಯಿಲೆ, ಸಕ್ಕರೆ ಕಾಯಿಲೆ, ಥೈರಾಯ್ಡ್ ನೋಡಬೇಕು. ಟ್ರೇಯಲ್ಲಿ ಗಂಟುಗಳು ಇದ್ದಕ್ಕಿದ್ದಂತೆ ದೊಡ್ಡದಾಗುತ್ತ ಹೋದರೆ, ನೀರಿನ ಬಟ್ಟಲು ಬೇಗ ಖಾಲಿಯಾದರೆ ಅದೇ ಸೂಚನೆ. ಕಕ್ಕ ಮಾತ್ರ ಹೊರಗೆ ಮಾಡುತ್ತಿದ್ದರೆ ಹೊಟ್ಟೆಹುಳು, ಭೇದಿ, ಮಲಬದ್ಧತೆ ವಿಚಾರಿಸಿ. ನಮ್ಮ ಮನೆಗಳಲ್ಲಿ ಬೆಕ್ಕಿಗೆ ಹಾಲನ್ನ ಹಾಕುವುದು ರೂಢಿ. ದೊಡ್ಡ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಹಾಲು ಜೀರ್ಣವಾಗುವುದಿಲ್ಲ. ಹೊಟ್ಟೆ ಕೆಟ್ಟು ಟ್ರೇವರೆಗೆ ಹೋಗಲು ವ್ಯವಧಾನವೇ ಸಿಗುವುದಿಲ್ಲ. ಒಂದು ವಾರ ಹಾಲು ನಿಲ್ಲಿಸಿದರೆ ಗೊತ್ತಾಗಿಬಿಡುತ್ತದೆ.

ವೈದ್ಯರ ಬಳಿ ಹೋಗುವಾಗ ಬೆಕ್ಕು ಕುಳಿತ ರೀತಿಯ ಮೊಬೈಲ್ ವಿಡಿಯೊ ಒಯ್ಯಿರಿ. ಎಷ್ಟು ದಿನದಿಂದ, ದಿನಕ್ಕೆಷ್ಟು ಸಲ, ಎಲ್ಲೆಲ್ಲಿ ಎಂದು ಬರೆದುಕೊಂಡು ಹೋಗಿ. ಬೆಕ್ಕು ಕ್ಲಿನಿಕ್ಕಿನ ಮೇಜಿನ ಮೇಲೆ ಮುದುಡಿ ಕುಳಿತಿರುತ್ತದೆ, ಅಲ್ಲಿ ಏನೂ ತೋರಿಸುವುದಿಲ್ಲ. ಖಾಸಗಿ ಕ್ಲಿನಿಕ್ ದುಬಾರಿಯಾದರೆ ಸರ್ಕಾರಿ ಪಶು ಆಸ್ಪತ್ರೆ ಇದೆ. ಬೆಂಗಳೂರಿನ ಹೆಬ್ಬಾಳ, ಹಾಸನ, ಶಿವಮೊಗ್ಗ, ಬೀದರ್‌ನ ಪಶುವೈದ್ಯಕೀಯ ಕಾಲೇಜುಗಳೂ ಇವೆ.

ಉಚ್ಚೆಯೋ, ಗುರುತೋ?

ಎರಡೂ ಬೇರೆ ಬೇರೆ. ಬೆಕ್ಕು ಕುಕ್ಕರಿಸಿ ಕುಳಿತು ನೆಲ, ಕಾಲೊರೆಸು, ಹಾಸಿಗೆಯ ಮೇಲೆ ದೊಡ್ಡ ಕಲೆ ಬಿಟ್ಟರೆ ಅದು ಮೂತ್ರವಿಸರ್ಜನೆ. ನಿಂತೇ ಇದ್ದು, ಬಾಲ ನೆಟ್ಟಗೆ ಎತ್ತಿ ತುದಿ ನಡುಗಿಸುತ್ತ ಗೋಡೆ, ಸೋಫಾದ ಬದಿ, ಪರದೆ, ಬಾಗಿಲಿಗೆ ಸ್ವಲ್ಪವೇ ಚಿಮ್ಮಿಸಿದರೆ ಅದು ಗಡಿ ಗುರುತು. ಗುರುತು ಹಾಕುವ ಬೆಕ್ಕು ಮಾಮೂಲು ಉಚ್ಚೆಗೆ ಟ್ರೇಯನ್ನೇ ಬಳಸುತ್ತಿರುತ್ತದೆ, ಆದ್ದರಿಂದ ಟ್ರೇ ಬದಲಿಸಿ ಪ್ರಯೋಜನವಿಲ್ಲ.

ಗುರುತಿಗೆ ಮೊದಲ ಮದ್ದು ಸಂತಾನಹರಣ ಶಸ್ತ್ರಚಿಕಿತ್ಸೆ. ಬೀಜ ತೆಗೆಸಿದ ಮೇಲೆ ಸುಮಾರು ಹತ್ತರಲ್ಲಿ ಒಂಬತ್ತು ಗಂಡು ಬೆಕ್ಕುಗಳಲ್ಲಿ ಇದು ನಿಲ್ಲುತ್ತದೆ ಅಥವಾ ಬಹಳ ಕಡಿಮೆಯಾಗುತ್ತದೆ. ನಾತವೂ ಇಳಿಯುತ್ತದೆ, ಏಕೆಂದರೆ ಬೀಜವಿರುವ ಗಂಡಿನ ಮೂತ್ರದಲ್ಲಿ ಆ ಘಾಟಿಗೆ ಮೂಲವಾದ ಫೆಲಿನಿನ್ ಎಂಬ ಅಂಶ ಹೆಚ್ಚಿರುತ್ತದೆ. ಐದಾರು ತಿಂಗಳಾಗುವ ಹೊತ್ತಿಗೆ, ಅಭ್ಯಾಸ ಬಲಿಯುವ ಮೊದಲೇ ಮಾಡಿಸುವುದು ಒಳ್ಳೆಯದು. ಹೆಣ್ಣು ಬೆಕ್ಕೂ ಬೆದೆಗೆ ಬಂದಾಗ ಚಿಮ್ಮಿಸುತ್ತದೆ. ಆಪರೇಷನ್ ಆದ ಮೇಲೂ ಬಾಗಿಲು, ಕಿಟಕಿಯ ಬಳಿಯೇ ಗುರುತು ಹಾಕುತ್ತಿದ್ದರೆ ಹೊರಗೆ ಯಾವುದೋ ಬೀದಿ ಬೆಕ್ಕು ಓಡಾಡುತ್ತಿರುವ ಸಾಧ್ಯತೆ ಹೆಚ್ಚು. ಕಿಟಕಿಯ ಕೆಳಭಾಗಕ್ಕೆ ಕಾಗದ ಅಂಟಿಸಿ, ಮೆಟ್ಟಿಲ ಬಳಿ ಬೀದಿ ಬೆಕ್ಕಿಗೆ ಅನ್ನ ಹಾಕುವುದನ್ನು ದೂರಕ್ಕೆ ಬದಲಿಸಿ, ಚಪ್ಪಲಿ ಸ್ಟ್ಯಾಂಡನ್ನು ಮುಚ್ಚಿದ ಕಪಾಟಿಗೆ ಸೇರಿಸಿ. ಹೊರಗಿನ ವಾಸನೆ ಚಪ್ಪಲಿಯ ಮೂಲಕವೂ ಮನೆಯೊಳಗೆ ಬರುತ್ತದೆ.

ಟ್ರೇಯನ್ನು ಸರಿಮಾಡುವುದು

1. ಅಳತೆ. ಟ್ರೇಯ ಉದ್ದ ಬೆಕ್ಕಿನ ಮೂಗಿನಿಂದ ಬಾಲದ ಬುಡದವರೆಗಿನ ಉದ್ದದ ಒಂದೂವರೆ ಪಟ್ಟು ಇರಬೇಕು. ಬೆಳೆದ ಬೆಕ್ಕಿಗೆ ಇದು ಸುಮಾರು 65ರಿಂದ 70 ಸೆಂಟಿಮೀಟರ್ ಆಗುತ್ತದೆ. ಅಂಗಡಿಯಲ್ಲಿ ಬೆಕ್ಕಿನ ಟ್ರೇ ಎಂದು ಮಾರುವವುಗಳಲ್ಲಿ ಅನೇಕವು ಇದಕ್ಕಿಂತ ಚಿಕ್ಕವು, ಮರಿಯಿದ್ದಾಗ ಕೊಂಡದ್ದಂತೂ ಖಂಡಿತ ಸಾಲದು. ಬೆಕ್ಕು ಒಳಗೆ ನಿಂತಿದ್ದರೂ ಹಿಂಭಾಗ ಅಂಚಿನಾಚೆ ಇರುವುದರಿಂದ ನೆಲಕ್ಕೆ ಬೀಳುತ್ತಿರಬಹುದು. ಚಳಿಗಾಲದ ಬಟ್ಟೆ ತುಂಬಿಡುವ ದೊಡ್ಡ ಪ್ಲಾಸ್ಟಿಕ್ ಡಬ್ಬವೇ ಅತ್ಯುತ್ತಮ ಟ್ರೇ. ಒಂದು ಬದಿಯನ್ನು ಹತ್ತು ಹನ್ನೆರಡು ಸೆಂಟಿಮೀಟರ್ ಎತ್ತರಕ್ಕೆ ಕತ್ತರಿಸಿ, ಅಂಚಿಗೆ ಟೇಪು ಸುತ್ತಿ. ಉಳಿದ ಮೂರು ಬದಿ ಎತ್ತರವಿರುವುದರಿಂದ ಲಿಟರ್ ಹೊರಗೆ ಚೆಲ್ಲುವುದಿಲ್ಲ.

2. ಎಷ್ಟು ಟ್ರೇ? ಬೆಕ್ಕುಗಳ ಸಂಖ್ಯೆಗಿಂತ ಒಂದು ಹೆಚ್ಚು. ಒಂದು ಬೆಕ್ಕಿಗೆ ಎರಡು, ಎರಡಕ್ಕೆ ಮೂರು. ಚಿಕ್ಕ ಮನೆಯಲ್ಲಿ ಇದು ಕಷ್ಟ, ಗೊತ್ತು. ಆದರೂ ಒಂದು ಬೆಕ್ಕಿನ ಮನೆಯಲ್ಲಿ ಎರಡು ಟ್ರೇ ಇಟ್ಟು ನೋಡಿ. ಅನೇಕ ಬೆಕ್ಕುಗಳು ಉಚ್ಚೆಗೆ ಒಂದು, ಕಕ್ಕಕ್ಕೆ ಇನ್ನೊಂದು ಎಂದು ವಿಂಗಡಿಸಿಕೊಳ್ಳುತ್ತವೆ. ಮೂರು ಟ್ರೇಯನ್ನು ಒಂದೇ ಸಾಲಿನಲ್ಲಿ ಇಟ್ಟರೆ ಬೆಕ್ಕಿನ ಲೆಕ್ಕಕ್ಕೆ ಅದು ಒಂದೇ.

3. ಜಾಗ. ನನ್ನ ಅನುಭವದಲ್ಲಿ ಅತಿ ಹೆಚ್ಚು ಎಡವಟ್ಟು ಆಗುವುದು ಇಲ್ಲಿಯೇ. ನಮಗೆ ಟ್ರೇ ಕಣ್ಣಿಗೆ ಬೀಳಬಾರದು, ವಾಸನೆ ಬರಬಾರದು. ಹಾಗಾಗಿ ಮನೆಯ ಅತ್ಯಂತ ಮೂಲೆಗೆ ತಳ್ಳುತ್ತೇವೆ. ಬೆಂಗಳೂರಿನ ಫ್ಲ್ಯಾಟುಗಳಲ್ಲಿ ಆ ಮೂಲೆ ಎಂದರೆ ಅಡುಗೆಮನೆಯಾಚೆಯ ಯುಟಿಲಿಟಿ. ಅಲ್ಲಿ ವಾಷಿಂಗ್ ಮಷಿನ್ ಇರುತ್ತದೆ. ಪರಿಚಿತರೊಬ್ಬರ ಮನೆಯಲ್ಲಿ ಬೆಕ್ಕು ಕಾಲೊರೆಸಿನ ಮೇಲೆ ಮಾಡತೊಡಗಿತ್ತು. ವೈದ್ಯರು ನೋಡಿ ಆರೋಗ್ಯ ಸರಿಯಿದೆ ಎಂದಿದ್ದರು. ಟ್ರೇ ದೊಡ್ಡದಿತ್ತು, ಶುಭ್ರವಾಗಿತ್ತು. ಒಂದು ಬೆಳಿಗ್ಗೆ ಅಲ್ಲೇ ನಿಂತು ನೋಡಿದಾಗ ತಿಳಿಯಿತು: ಬೆಕ್ಕು ಟ್ರೇಗೆ ಇಳಿದು ಎರಡು ಸಲ ಕೆದಕುವಷ್ಟರಲ್ಲಿ ಪಕ್ಕದ ಮಷಿನ್ ಬಟ್ಟೆ ಹಿಂಡುವ ಹಂತಕ್ಕೆ ಬಂದು ಗಡಗಡ ಅದುರಿತು. ಬೆಕ್ಕು ಕಿವಿ ಹಿಂದಕ್ಕೆ ಮಡಚಿ, ಹೊಟ್ಟೆ ನೆಲಕ್ಕೆ ತಾಗುವಂತೆ ಬಗ್ಗಿ, ಬಾಗಿಲ ಸಂದಿಯಿಂದ ನುಸುಳಿ ಹಾಲಿಗೆ ಓಡಿತು. ಅಲ್ಲಿ ಮೊದಲು ಸಿಕ್ಕಿದ್ದು ಕಾಲೊರೆಸು. ಟ್ರೇಯನ್ನು ಓದುವ ಕೋಣೆಯ ಮೇಜಿನ ಪಕ್ಕಕ್ಕೆ ಸಾಗಿಸಿದ ಮೇಲೆ ಕಾಲೊರೆಸು ಒಣಗಿಯೇ ಇದೆ.

ಬಚ್ಚಲುಮನೆಯಲ್ಲಿ ಇಡುವವರೂ ಇದ್ದಾರೆ. ನೆಲ ಸದಾ ಒದ್ದೆ, ಬಕೆಟ್ಟಿನ ಸದ್ದು, ಒಳಗೆ ಯಾರಾದರೂ ಇದ್ದರೆ ಬಾಗಿಲು ಮುಚ್ಚಿರುತ್ತದೆ. ನೆಂಟರು ಬಂದರೆ ಬೆಳಿಗ್ಗೆಯೆಲ್ಲ ಮುಚ್ಚಿರುತ್ತದೆ. ಬಾಲ್ಕನಿಯಲ್ಲಿ ಇಟ್ಟರೆ ಏಪ್ರಿಲ್‌ನಲ್ಲಿ ಮಧ್ಯಾಹ್ನದ ಬಿಸಿಲು, ಜುಲೈನಲ್ಲಿ ಎರಚಲು, ರಾತ್ರಿ ನಾವೇ ಬಾಗಿಲು ಹಾಕಿಬಿಡುತ್ತೇವೆ. ಹಾಗಾದರೆ ಎಲ್ಲಿ? ದಿನದ ಯಾವ ಹೊತ್ತಿಗೂ ಹೋಗಲು ಬರುವಂತಿರಬೇಕು, ಸದ್ದುಗದ್ದಲ ಇರಬಾರದು, ಅನ್ನ ನೀರಿನ ಬಟ್ಟಲಿನಿಂದ ದೂರವಿರಬೇಕು, ಕುಳಿತ ಬೆಕ್ಕಿಗೆ ಬಾಗಿಲು ಕಾಣಬೇಕು, ಓಡಲು ಎರಡು ದಾರಿ ಇರಬೇಕು. ಹಾಲಿನ ಒಂದು ಮೂಲೆ, ಮಲಗುವ ಕೋಣೆಯ ಗೋಡೆ ಬದಿ, ಮಹಡಿ ಮೆಟ್ಟಿಲ ಕೆಳಗಿನ ತೆರೆದ ಜಾಗ ಆದೀತು. ದಿನಕ್ಕೆರಡು ಸಲ ತೆಗೆಯುತ್ತಿದ್ದರೆ ಹಾಲಿನಲ್ಲಿದ್ದರೂ ವಾಸನೆ ಬರುವುದಿಲ್ಲ. ಮನೆ ಎರಡು ಅಂತಸ್ತಿನದಾದರೆ ಪ್ರತಿ ಅಂತಸ್ತಿಗೂ ಒಂದು ಬೇಕು.

4. ಲಿಟರ್. ಬೆಕ್ಕಿಗೆ ಸಾಮಾನ್ಯವಾಗಿ ಇಷ್ಟವಾಗುವುದು ಸಣ್ಣ ಕಾಳಿನ, ವಾಸನೆಯಿಲ್ಲದ, ಗಂಟು ಕಟ್ಟುವ ಲಿಟರ್. ಲ್ಯಾವೆಂಡರ್, ನಿಂಬೆ, ಕಾಫಿ ಪರಿಮಳದ ಚೀಲಗಳು ಕೊಳ್ಳುವ ನಮ್ಮ ಮೂಗಿಗಾಗಿ ಮಾಡಿದವು. ಬೆಕ್ಕಿನ ಮೂಗು ನಮ್ಮದಕ್ಕಿಂತ ಎಷ್ಟೋ ಪಟ್ಟು ಚುರುಕು, ಆ ಘಾಟಿನ ಮಧ್ಯೆ ಕೂರಲು ಅದಕ್ಕೆ ಇಷ್ಟವಾಗುವುದಿಲ್ಲ. ಐದರಿಂದ ಏಳು ಸೆಂಟಿಮೀಟರ್ ದಪ್ಪ ಹರಡಿದರೆ ಸಾಕು.

ಖರ್ಚು ಕಡಿಮೆ ಮಾಡಬೇಕೆನ್ನುವವರು ಜರಡಿ ಹಿಡಿದ ನದಿ ಮರಳು, ತೆಂಗಿನ ನಾರಿನ ಪುಡಿ ಬಳಸಬಹುದು; ಮರಳು ಗಂಟು ಕಟ್ಟದ ಕಾರಣ ಬೇಗ ಬೇಗ ಪೂರ್ತಿ ಬದಲಿಸಬೇಕು. ಎಂ-ಸ್ಯಾಂಡ್ ಕಲ್ಲು ಒಡೆದ ಪುಡಿ, ಅಂಚು ಚೂಪು, ಪಾದಕ್ಕೆ ಹಿತವಲ್ಲ. ಸಾಮಿಲ್ಲಿನ ನಯವಾದ ಹೊಟ್ಟು ಧೂಳೆಬ್ಬಿಸಿ ಸೀನು ತರಿಸುತ್ತದೆ. ಒಲೆ ಬೂದಿ ಒದ್ದೆಯಾದರೆ ಕ್ಷಾರವಾಗಿ ಪಾದ ಸುಡುತ್ತದೆ, ಬೇಡ. ಇನ್ನೂ ಎಲ್ಲವನ್ನೂ ಬಾಯಿಗೆ ಹಾಕುವ ಪುಟ್ಟ ಮರಿಗಳಿಗೆ ಗಂಟು ಕಟ್ಟುವ ಲಿಟರ್ ಅಪಾಯ, ನುಂಗಿದರೆ ಹೊಟ್ಟೆಯಲ್ಲಿ ಗಟ್ಟಿಯಾಗಬಹುದು. ಎರಡು ಮೂರು ತಿಂಗಳಾಗುವವರೆಗೆ ಕಾಗದದ್ದೋ ಮರದ್ದೋ ಉಂಡೆಗಳನ್ನು ಹಾಕಿ.

ನಿಮ್ಮ ಬೆಕ್ಕಿಗೆ ಯಾವುದು ಇಷ್ಟ ಎಂದು ಅದನ್ನೇ ಕೇಳಬಹುದು. ಎರಡು ಮೂರು ಟ್ರೇಗಳಲ್ಲಿ ಬೇರೆ ಬೇರೆ ಲಿಟರ್ ಹಾಕಿ ಅಕ್ಕಪಕ್ಕ ಇಡಿ. ವಾರದಲ್ಲಿ ಯಾವುದರಲ್ಲಿ ಹೆಚ್ಚು ಗಂಟು ಸಿಕ್ಕಿತು ಎಂದು ನೋಡಿದರೆ ಉತ್ತರ ಸಿಗುತ್ತದೆ. ಮುಚ್ಚಳದ ಟ್ರೇ ಬೇಕೋ ತೆರೆದದ್ದೋ ಎಂಬುದನ್ನೂ ಹೀಗೆಯೇ ತೀರ್ಮಾನಿಸಿ. ಹೊಸದಕ್ಕೆ ಬದಲಿಸುವಾಗ ಹಳೆಯದರ ಜೊತೆ ದಿನಕ್ಕಿಷ್ಟು ಬೆರೆಸುತ್ತ ಬನ್ನಿ.

ಬೆಕ್ಕು ಟ್ರೇ ಬಳಸುವಾಗ ದೂರದಿಂದ ಗಮನಿಸಿ. ಖುಷಿಯಿದ್ದರೆ ಒಳಗೆ ಹೋಗಿ, ಒಂದು ಸುತ್ತು ಮೂಸಿ, ಗುಳಿ ತೋಡಿ, ಕುಳಿತು, ತಿರುಗಿ ಮೂಸಿ, ಮುಚ್ಚಿ ಬರುತ್ತದೆ. ಮುಂಗಾಲು ಎರಡನ್ನೂ ಅಂಚಿನ ಮೇಲಿಟ್ಟು ಸಮತೋಲನ ಮಾಡುತ್ತಿದೆ, ಪಾದ ಕೊಡವುತ್ತಿದೆ, ಲಿಟರ್ ಬಿಟ್ಟು ಗೋಡೆಯನ್ನೋ ಟ್ರೇಯ ಬದಿಯನ್ನೋ ಕೆರೆಯುತ್ತಿದೆ, ಮುಚ್ಚದೆ ಒಂದೇ ನೆಗೆತಕ್ಕೆ ಓಡುತ್ತಿದೆ ಎಂದರೆ ಅದಕ್ಕೆ ಆ ಲಿಟರ್ ಅಥವಾ ಆ ಟ್ರೇ ಹಿಡಿಸಿಲ್ಲ. ಹಾಸಿಗೆ ಒದ್ದೆಯಾಗುವ ಮೊದಲೇ ಈ ಲಕ್ಷಣ ಕಾಣಿಸಿಕೊಂಡಿರುತ್ತದೆ.

5. ತೆಗೆಯುವುದು. ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ. ಕಡೇ ಪಕ್ಷ ದಿನಕ್ಕೊಮ್ಮೆ. ತೆಗೆಯುವಾಗ ಗಂಟು ಎಣಿಸುವ ಅಭ್ಯಾಸ ಇಟ್ಟುಕೊಳ್ಳಿ: ಆರೋಗ್ಯವಂತ ಬೆಕ್ಕು ದಿನಕ್ಕೆ ಎರಡರಿಂದ ನಾಲ್ಕು ಸಲ ಉಚ್ಚೆ, ಸುಮಾರಾಗಿ ಒಮ್ಮೆ ಕಕ್ಕ ಮಾಡುತ್ತದೆ. ಎರಡು ವಾರಕ್ಕೊಮ್ಮೆ ಟ್ರೇ ಖಾಲಿ ಮಾಡಿ ಪಾತ್ರೆ ಸೋಪಿನಲ್ಲಿ ತೊಳೆದು ಬಿಸಿಲಿಗೆ ಒಣಗಿಸಿ. ಉಗುರಿನ ಗೀರುಗಳಲ್ಲಿ ನಾತ ಕೂರುವುದರಿಂದ ವರ್ಷಕ್ಕೊಮ್ಮೆ ಟ್ರೇಯನ್ನೇ ಬದಲಿಸಬೇಕು.

ಕಲೆ ತೊಳೆಯುವಾಗ ಫಿನಾಯಿಲ್ ಬೇಡ

ಒದ್ದೆ ಕಂಡ ಕೂಡಲೇ ನಮ್ಮ ಕೈ ಹೋಗುವುದು ಫಿನಾಯಿಲ್ ಬಾಟಲಿಗೆ. ಫಿನಾಲ್ ಜಾತಿಯ ರಾಸಾಯನಿಕಗಳನ್ನು ಒಡೆದು ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ತೀರಾ ಕಡಿಮೆ. ಬೆಕ್ಕು ಒರೆಸಿದ ನೆಲದ ಮೇಲೆ ನಡೆಯುತ್ತದೆ, ಆಮೇಲೆ ಪಾದ ನೆಕ್ಕುತ್ತದೆ. ಕಪ್ಪು ಫಿನಾಯಿಲ್, ಬಿಳಿ ಫಿನಾಯಿಲ್, ಡೆಟ್ಟಾಲ್, ನೀಲಗಿರಿ ಎಣ್ಣೆ, ನುಸಿಗುಳಿಗೆ ಇವು ಬೆಕ್ಕಿನ ಮನೆಯಲ್ಲಿ ಇರಬಾರದು. ಬ್ಲೀಚಿಂಗ್ ಪುಡಿ ಉಚ್ಚೆಯ ಅಮೋನಿಯ ಜೊತೆ ಸೇರಿದರೆ ವಿಷಗಾಳಿ ಏಳುತ್ತದೆ, ಮನುಷ್ಯರಿಗೂ ಅಪಾಯ. ಅಮೋನಿಯ ಇರುವ ಕ್ಲೀನರ್ ಹಾಕಿದರೆ ಬೆಕ್ಕಿಗೆ ಅದು ಉಚ್ಚೆಯ ವಾಸನೆಯೇ. ಮತ್ತೆ ಅಲ್ಲಿಗೇ ಬರುತ್ತದೆ.

ಇನ್ನೊಂದು ತೊಡಕು ಯೂರಿಕ್ ಆಮ್ಲದ್ದು. ಅದರ ಹರಳು ಬರೀ ನೀರಿನಲ್ಲಿ ಸುಲಭಕ್ಕೆ ಕರಗುವುದಿಲ್ಲ. ಬೇಸಿಗೆಯಲ್ಲಿ ವಾಸನೆ ಹೋಯಿತೆಂದು ನಿರಾಳವಾಗಿದ್ದವರಿಗೆ ಮಳೆಗಾಲದ ಥಂಡಿ ಹಿಡಿದ ಕೂಡಲೇ ಅದೇ ಜಾಗ ಮತ್ತೆ ನಾರುತ್ತದೆ. ಕರಾವಳಿ, ಮಲೆನಾಡಿನವರಿಗೆ ಇದು ಚೆನ್ನಾಗಿ ಗೊತ್ತು. ಇದನ್ನು ಒಡೆಯುವುದು ಸಾಕುಪ್ರಾಣಿ ಅಂಗಡಿಗಳಲ್ಲಿ ಸಿಗುವ ಕಿಣ್ವದ ಕ್ಲೀನರ್. ಕ್ರಮ ಹೀಗೆ:

1. ಕಲೆ ಎಲ್ಲೆಲ್ಲಿದೆ ಹುಡುಕಿ. ಖೋಟಾ ನೋಟು ಪತ್ತೆಗೆ ಬಳಸುವ ನೇರಳಾತೀತ ಟಾರ್ಚನ್ನು ಕತ್ತಲೆಯಲ್ಲಿ ಬಿಟ್ಟರೆ ಹಳೆಯ ಕಲೆಗಳೂ ಹೊಳೆಯುತ್ತವೆ.
2. ಹಸಿ ಕಲೆಯನ್ನು ಹಳೆ ಬಟ್ಟೆಯಿಂದ ಒತ್ತಿ ಹೀರಿಸಿ. ಉಜ್ಜಿದರೆ ಹರಡುತ್ತದೆ.
3. ತಣ್ಣೀರಿನಿಂದ ಒರೆಸಿ. ಬಿಸಿನೀರು, ಇಸ್ತ್ರಿ, ಆವಿ ಬೇಡ.
4. ಕಿಣ್ವದ ದ್ರಾವಣವನ್ನು ಉಚ್ಚೆ ಎಷ್ಟು ಆಳಕ್ಕೆ ಇಳಿದಿದೆಯೋ ಅಷ್ಟು ಆಳಕ್ಕೆ ಇಳಿಯುವಂತೆ ಸುರಿಯಿರಿ. ಟೈಲ್ಸ್ ಆದರೆ ಸಂದಿಯ ಸಿಮೆಂಟಿಗೆ, ಹಾಸಿಗೆಯಾದರೆ ಹತ್ತಿಯೊಳಕ್ಕೆ. ಬಾಟಲಿಯ ಮೇಲೆ ಬರೆದಷ್ಟು ಹೊತ್ತು ಒದ್ದೆಯಾಗಿಯೇ ಇರಲಿ.
5. ತಾನಾಗಿ ಒಣಗಲು ಬಿಡಿ. ಅಲ್ಲಿಯವರೆಗೆ ಬೆಕ್ಕನ್ನು ಆ ಕೋಣೆಗೆ ಬಿಡಬೇಡಿ.

ಕಿಣ್ವದ ಕ್ಲೀನರ್ ಸಿಗದ ಊರಿನಲ್ಲಿ ಹೊಸ ಕಲೆಗೆ ವಿನಿಗರ್ ಮತ್ತು ನೀರು ಸಮಸಮ ಬೆರೆಸಿ ಒರೆಸಿ, ಒಣಗಿದ ಮೇಲೆ ಅಡುಗೆ ಸೋಡಾ ಉದುರಿಸಿ ಗುಡಿಸಬಹುದು. ಹಳೆಯ ಕಲೆಗೆ ಇದು ಸಾಲದು. ಹತ್ತಿ ಹಾಸಿಗೆ ಪದೇ ಪದೇ ನೆನೆದಿದ್ದರೆ ಹತ್ತಿಯನ್ನೇ ಬದಲಿಸುವುದು ವಾಸಿ.

ಹೆದರಿಕೆ ಎಲ್ಲಿದೆ?

ವೈದ್ಯರು ನೋಡಿಯಾಯಿತು, ಟ್ರೇ ಸರಿಯಾಯಿತು, ಆದರೂ ನಿಲ್ಲಲಿಲ್ಲ ಎಂದರೆ ಕ್ಯಾಲೆಂಡರ್ ತೆಗೆಯಿರಿ. ಮೊದಲ ಸಲ ಹೊರಗೆ ಮಾಡಿದ ವಾರ ಮನೆಯಲ್ಲಿ ಏನಾಗಿತ್ತು? ದೀಪಾವಳಿ ಪಟಾಕಿ, ಮನೆಗೆ ಬಣ್ಣ, ಬಾಣಂತಿ ಮತ್ತು ಮಗು ಬಂದದ್ದು, ಮದುವೆಯ ನೆಂಟರು, ಹೊಸ ನಾಯಿಮರಿ, ಬಾಡಿಗೆ ಮನೆ ಬದಲಾವಣೆ. ಇಂಥ ಹೊತ್ತಿಗೆ ಒಂದು ಕೋಣೆಯನ್ನು ಬೆಕ್ಕಿಗೇ ಬಿಟ್ಟುಕೊಡಿ. ಟ್ರೇ, ನೀರು, ಅದರ ಹಳೆಯ ಹೊದಿಕೆ ಅಲ್ಲೇ ಇರಲಿ. ಊಟದ ಹೊತ್ತು ತಪ್ಪಿಸಬೇಡಿ.

ಎರಡು ಬೆಕ್ಕಿರುವ ಮನೆಯಲ್ಲಿ ಜಗಳ ಎಂದರೆ ಕಿರುಚಾಟ, ಕೂದಲು ಕೀಳುವುದು ಎಂದೇ ನಾವು ಎಣಿಸುತ್ತೇವೆ. ಸದ್ದಿಲ್ಲದ ಜಗಳವೂ ಇದೆ. ಒಂದು ಬೆಕ್ಕು ಓಣಿಯ ಬಾಯಲ್ಲಿ ಆರಾಮಾಗಿ ಒರಗಿರುತ್ತದೆ, ಕಣ್ಣು ಮಾತ್ರ ಇನ್ನೊಂದರ ಮೇಲೆ. ಆ ಇನ್ನೊಂದು ಟ್ರೇಗೆ ಹೋಗಲಾರದೆ ಮಂಚದ ಕೆಳಗೇ ಉಳಿಯುತ್ತದೆ, ಕೊನೆಗೆ ಅಲ್ಲೇ ಮಾಡುತ್ತದೆ. ಬೈಗುಳ ತಿನ್ನುವುದು ಅದು. ಟ್ರೇ, ಅನ್ನದ ತಟ್ಟೆ, ನೀರು ಎಲ್ಲವನ್ನೂ ಮನೆಯ ಎರಡು ದಿಕ್ಕಿನಲ್ಲಿ ಹಂಚಿ. ಹತ್ತಿ ಕೂರಲು ಎರಡು ಮೂರು ಎತ್ತರದ ಜಾಗ ಮಾಡಿಕೊಡಿ, ಬೀರುವಿನ ತಲೆಯಾದರೂ ಸರಿ.

ಮತ್ತೆ ಅಭ್ಯಾಸ ಮಾಡಿಸುವುದು

ಕಾರಣ ತೆಗೆದ ಮೇಲೂ ಹಳೆಯ ಅಭ್ಯಾಸ ಉಳಿದಿದ್ದರೆ ಬೆಕ್ಕನ್ನು ಕೆಲವು ದಿನ ಒಂದೇ ಕೋಣೆಯಲ್ಲಿಡಿ. ಮೆತ್ತಗಿನ ರಗ್ಗು, ಬಟ್ಟೆಯ ರಾಶಿ ತೆಗೆದುಬಿಡಿ. ದೊಡ್ಡ ಟ್ರೇ, ಅದು ಆರಿಸಿದ ಲಿಟರ್, ಆಟಿಕೆ ಇಡಿ. ಇದು ಶಿಕ್ಷೆ ಅಲ್ಲ, ಆದ್ದರಿಂದ ದಿನಕ್ಕೆ ಹಲವು ಸಲ ಹೋಗಿ ಅದರ ಜೊತೆ ಕೂತು ಬನ್ನಿ. ಟ್ರೇ ತಪ್ಪದೆ ಬಳಸತೊಡಗಿದ ಮೇಲೆ ಪಕ್ಕದ ಕೋಣೆಗೆ ಬಿಡಿ, ಆಮೇಲೆ ಹಾಲಿಗೆ. ಹಾಸಿಗೆಯ ಮೇಲೆ ಸ್ವಲ್ಪ ಕಾಲ ರೆಕ್ಸಿನ್ ಹೊದಿಕೆ ಇರಲಿ. ಹಿಂದೆ ಒದ್ದೆ ಮಾಡುತ್ತಿದ್ದ ಜಾಗದಲ್ಲಿ ಅನ್ನದ ತಟ್ಟೆ ಇಟ್ಟರೆ ಅಲ್ಲಿ ಮಾಡುವುದು ನಿಲ್ಲಬಹುದು; ಉಣ್ಣುವಲ್ಲಿ ಬೆಕ್ಕು ಸಾಮಾನ್ಯವಾಗಿ ಹೊಲಸು ಮಾಡುವುದಿಲ್ಲ. ಕುಂಡಗಳ ಮಣ್ಣಿಗೆ ಹೋಗುತ್ತಿದ್ದರೆ ಮಣ್ಣಿನ ಮೇಲೆ ದೊಡ್ಡ ಜಲ್ಲಿಕಲ್ಲು ಹರಡಿ, ಟ್ರೇಗೆ ಅದೇ ಮಣ್ಣನ್ನು ಒಂದು ಹಿಡಿ ಬೆರೆಸಿ.

ಸಾಮಾನ್ಯ ತಪ್ಪುಗಳು

ಮೂಗನ್ನು ಉಚ್ಚೆಗೆ ಉಜ್ಜುವುದು, ಹೊಡೆಯುವುದು, ನೀರು ಎರಚುವುದು. ಬೆಕ್ಕು ಇದರಿಂದ ಕಲಿಯುವುದು ನಿಮ್ಮ ಕಣ್ಣೆದುರು ಮಾಡಬಾರದು ಎಂಬುದನ್ನು ಮಾತ್ರ. ಮುಂದೆ ಸೋಫಾದ ಹಿಂದೆ ಮಾಡುತ್ತದೆ.

ಟ್ರೇಯಲ್ಲಿ ಕುಳಿತಾಗಲೇ ಹಿಡಿದು ಔಷಧಿ ಕುಡಿಸುವುದು, ಸ್ನಾನಕ್ಕೆ ಎತ್ತಿಕೊಂಡು ಹೋಗುವುದು. ಅಲ್ಲಿ ಸಿಕ್ಕಿಬೀಳುತ್ತೇನೆ ಎಂದು ಅದಕ್ಕೆ ಅನ್ನಿಸಿದರೆ ಮುಗಿಯಿತು.

ಲಿಟರ್, ಜಾಗ, ಟ್ರೇ ಮೂರನ್ನೂ ಒಂದೇ ದಿನ ಬದಲಿಸುವುದು. ಯಾವುದರಿಂದ ಸರಿಹೋಯಿತು, ಯಾವುದರಿಂದ ಕೆಟ್ಟಿತು ತಿಳಿಯದು. ಜಾಗ ಬದಲಿಸುವಾಗ ಹಳೆಯ ಟ್ರೇ ಅಲ್ಲೇ ಇರಲಿ, ಹೊಸ ಜಾಗದಲ್ಲಿ ಇನ್ನೊಂದು ಇಡಿ.

ಬೆಂಟೊನೈಟನ್ನು ಕಮೋಡಿಗೆ ಸುರಿಯುವುದು. ಪೈಪಿನಲ್ಲಿ ಉಬ್ಬಿ ಸಿಮೆಂಟಿನಂತೆ ಕೂರುತ್ತದೆ. ಹಳೆ ಪೇಪರಿನಲ್ಲಿ ಸುತ್ತಿ, ಡೈಪರ್ ಹಾಕುವ ಸ್ಯಾನಿಟರಿ ಕಸದ ಚೀಲಕ್ಕೇ ಹಾಕಿ. ಹಸಿ ಕಸದೊಂದಿಗೆ ಕೊಡಬೇಡಿ.

ಮನೆಯಲ್ಲಿ ಗರ್ಭಿಣಿ ಇದ್ದರೆ

‘ಬಸುರಿ ಇರುವ ಮನೆಯಲ್ಲಿ ಬೆಕ್ಕು ಇರಬಾರದು’ ಎಂಬ ಒಂದೇ ಮಾತಿಗೆ ವರ್ಷಗಟ್ಟಲೆ ಸಾಕಿದ ಬೆಕ್ಕನ್ನು ಹೊರಗೆ ಕಳಿಸುವವರಿದ್ದಾರೆ. ಭಯಕ್ಕೆ ಆಧಾರವಿದೆ, ಆದರೆ ಕಳಿಸುವ ಅಗತ್ಯವಿಲ್ಲ. ಟಾಕ್ಸೊಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ ಬೆಕ್ಕಿನ ಮಲದಲ್ಲಿ ಬರಬಹುದು, ಗರ್ಭದಲ್ಲಿರುವ ಮಗುವಿಗೆ ಅದು ಅಪಾಯಕಾರಿ. ಬೆಕ್ಕು ಅದನ್ನು ಹೊರಹಾಕುವುದು ಸಾಮಾನ್ಯವಾಗಿ ಮೊದಲ ಸಲ ಸೋಂಕು ತಗುಲಿದಾಗ, ಅದೂ ಒಂದರಿಂದ ಮೂರು ವಾರ ಮಾತ್ರ. ಹೊರಬಿದ್ದ ಜೀವಿ ಸೋಂಕು ತರುವಷ್ಟು ಬಲಿಯಲು ಒಂದರಿಂದ ಐದು ದಿನ ಬೇಕು. ಆದ್ದರಿಂದ ದಿನವೂ ತಪ್ಪದೆ ಟ್ರೇ ತೆಗೆದರೆ ಅಪಾಯ ಬಹಳ ಇಳಿಯುತ್ತದೆ. ಆ ಕೆಲಸವನ್ನು ಮನೆಯ ಬೇರೆಯವರು ಮಾಡಲಿ. ಬೇರೆಯವರಿಲ್ಲದಿದ್ದರೆ ಕೈಗವಸು ಹಾಕಿಕೊಂಡು ಮಾಡಿ, ಆಮೇಲೆ ಸೋಪಿನಲ್ಲಿ ಕೈ ತೊಳೆಯಿರಿ. ಬೆಕ್ಕಿಗೆ ಹಸಿ ಮಾಂಸ ಕೊಡಬೇಡಿ, ಇಲಿ ಹಿಡಿಯಲು ಹೊರಗೆ ಬಿಡಬೇಡಿ. ಅರೆಬೆಂದ ಮಾಂಸ, ತೊಳೆಯದ ಸೊಪ್ಪು, ತೋಟದ ಮಣ್ಣಿನಿಂದಲೂ ಇದೇ ಸೋಂಕು ಬರುತ್ತದೆ, ಅಲ್ಲಿಯೂ ಎಚ್ಚರ ಬೇಕು. ಅನುಮಾನವಿದ್ದರೆ ಹೆರಿಗೆ ವೈದ್ಯರನ್ನು ಕೇಳಿ ರಕ್ತಪರೀಕ್ಷೆ ಮಾಡಿಸಿಕೊಳ್ಳಬಹುದು.

ಮುದಿ ಬೆಕ್ಕಿಗೆ

ಹತ್ತು ಹನ್ನೆರಡು ವರ್ಷ ದಾಟಿದ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಕೀಲುನೋವು ಇರುತ್ತದೆ. ಅವು ಕುಂಟುವುದಿಲ್ಲ, ಕೂಗುವುದೂ ಇಲ್ಲ. ಎತ್ತರಕ್ಕೆ ಹಾರುವುದನ್ನು ಬಿಟ್ಟುಬಿಡುತ್ತವೆ, ಅಷ್ಟೆ. ಟ್ರೇಯ ಅಂಚು ದಾಟಲು ಕಾಲೆತ್ತುವುದೇ ಅವಕ್ಕೆ ಕಷ್ಟ. ಒಂದು ಬದಿ ನಾಲ್ಕೈದು ಸೆಂಟಿಮೀಟರಿಗಿಂತ ಎತ್ತರ ಇಲ್ಲದ ಟ್ರೇ ಕೊಡಿ, ಅದು ಮಲಗುವ ಜಾಗದ ಹತ್ತಿರವೇ ಇಡಿ, ಮುಂದೆ ಜಾರದ ಚಾಪೆ ಹಾಸಿ, ರಾತ್ರಿ ಸಣ್ಣ ದೀಪ ಉರಿಯಲಿ. ಕೀಲುನೋವಿಗೆ ಬೆಕ್ಕಿಗೆಂದೇ ಇರುವ ಔಷಧಿಗಳಿವೆ, ಪಶುವೈದ್ಯರನ್ನು ಕೇಳಿ. ಇಷ್ಟಾದ ಮೇಲೂ ಎರಡು ಮೂರು ವಾರದಲ್ಲಿ ಸುಧಾರಣೆ ಕಾಣದಿದ್ದರೆ, ಅಥವಾ ಗಂಟಿನ ಲೆಕ್ಕ ಮತ್ತೆ ಏರುಪೇರಾದರೆ, ಬರೆದಿಟ್ಟುಕೊಂಡ ಚೀಟಿಯ ಸಮೇತ ಅದೇ ವೈದ್ಯರ ಬಳಿ ಇನ್ನೊಮ್ಮೆ ಹೋಗಿ.